ಮಾಂಸ ಬಿಟ್ಟರೂ ಶುಗರ್ ಇಳಿಯಲಿಲ್ಲವೇ?

ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದರೆ ಮೊದಲು ನಿಲ್ಲುವುದು ಚಹಾದ ಸಕ್ಕರೆ. ಅದರ ಬೆನ್ನಿಗೇ ಮಾಂಸ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಉಮ್ಮ ಆರು ತಿಂಗಳು ಮಾಂಸ ಮುಟ್ಟಲಿಲ್ಲ. "ಈಗ ಬರೀ ತರಕಾರಿ ಊಟ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆದರೆ ಊಟವಾಗಿ ಎರಡು ಗಂಟೆಯ ನಂತರ ಪರೀಕ್ಷಿಸಿದಾಗ, ಮೊದಲು 190 ಇದ್ದ ಶುಗರ್ 240ಕ್ಕೆ ಏರಿತ್ತು. ಅವರ ತಟ್ಟೆಯನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ಗುಡ್ಡೆಯಷ್ಟು ಅನ್ನ, ಅದರ ಮೇಲೆ ನೀರಾದ ಬೇಳೆ ಸಾರು, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಹಪ್ಪಳ. ರಾತ್ರಿಗೆ ಗಂಜಿ, ಉಪ್ಪಿನಕಾಯಿ.

ನಿಮ್ಮ ಮನೆಯ ತಟ್ಟೆಯನ್ನೂ ಒಮ್ಮೆ ನೋಡಿ. ಮಾಂಸ, ಮೀನು, ಮೊಟ್ಟೆಯಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಊಟದ ನಂತರ ರಕ್ತದ ಸಕ್ಕರೆಯನ್ನು ಮುಖ್ಯವಾಗಿ ಏರಿಸುವುದು ಅನ್ನ, ರೊಟ್ಟಿ, ಮೈದಾ, ಆಲೂಗಡ್ಡೆ. ಮಾಂಸ ತೆಗೆದ ಜಾಗಕ್ಕೆ ಇನ್ನೆರಡು ಸೌಟು ಅನ್ನ ಬಂದರೆ ಶುಗರ್ ಇಳಿಯುವುದಾದರೂ ಹೇಗೆ? ಕುಚ್ಚಲಕ್ಕಿಯಾದರೂ ಅಷ್ಟೇ, ಅಳತೆ ಮೀರಬಾರದು. ರಾಗಿಯನ್ನೂ ನುಣ್ಣಗೆ ಹಿಟ್ಟು ಮಾಡಿ ಗಂಜಿ ಕಾಯಿಸಿ ಕುಡಿದರೆ ಸಕ್ಕರೆ ಬೇಗ ಏರುತ್ತದೆ. (ಹಾಗೆಂದು ಕೊಬ್ಬಿನ ಮಾಂಸಕ್ಕೆ ನಾನು ಪರವಾನಗಿ ಕೊಡುತ್ತಿಲ್ಲ. ಹೃದಯದ ಲೆಕ್ಕ ಬೇರೆಯೇ ಇದೆ.)

ನನ್ನ ತಕರಾರು ನಮ್ಮ ಅಡುಗೆಮನೆಯ ಮೇಲೆಯೇ. ನಮ್ಮಲ್ಲಿ ತರಕಾರಿ ಊಟವೆಂದರೆ ಇಂದಿಗೂ "ಏನೂ ಇಲ್ಲದ ದಿನದ ಊಟ". ಮಟನ್‌ಗಾದರೆ ಮಸಾಲೆ ಹುರಿದು, ಅರೆದು, ಗಂಟೆಗಟ್ಟಲೆ ಒಲೆಯ ಮುಂದೆ ನಿಲ್ಲುತ್ತೇವೆ. ಕಾಳಿಗೆ ಮಾತ್ರ ಉಪ್ಪು, ಅರಸಿನ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ರುಚಿಯಿಲ್ಲದ ಪದಾರ್ಥವನ್ನು ಯಾರೂ ಎರಡನೇ ಸಲ ಬಡಿಸಿಕೊಳ್ಳುವುದಿಲ್ಲ. ಕೊನೆಗೆ ಹಸಿವು ತುಂಬುವುದು ಅನ್ನದಿಂದಲೇ.

ಆ ಮಟನ್ ಮಸಾಲೆಯನ್ನೇ ಹುರುಳಿಗೆ ಹಾಕಿ ನೋಡಿ. ನಾಲ್ವರಿಗೆ ಒಂದು ಲೋಟ ಹುರುಳಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುಕ್ಕರ್‌ನಲ್ಲಿ ಐದಾರು ವಿಸಿಲ್ ಬರುವವರೆಗೆ ಬೇಯಿಸಿ. ಕೊತ್ತಂಬರಿ, ಜೀರಿಗೆ, ಒಣಮೆಣಸು, ಬೆಳ್ಳುಳ್ಳಿಯನ್ನು ಒಂದು ಚಮಚ ಎಣ್ಣೆಯಲ್ಲಿ ಹುರಿದು, ಒಂದು ಹಿಡಿ ತೆಂಗಿನತುರಿಯೊಂದಿಗೆ ಅರೆಯಿರಿ. ಈರುಳ್ಳಿ, ಟೊಮೆಟೊ ಬಾಡಿಸಿ, ಮಸಾಲೆ, ಕಾಳು ಸೇರಿಸಿ ಗಸಿಯಷ್ಟು ಗಟ್ಟಿಯಾಗುವವರೆಗೆ ಕುದಿಸಿ. ಇಳಿಸುವ ಮುನ್ನ ಒಂದು ಹಿಡಿ ನುಗ್ಗೆಸೊಪ್ಪು. ಕಾಳಿನಲ್ಲೂ ಪಿಷ್ಟವಿದೆ, ಆದರೆ ನಾರು ಮತ್ತು ಪ್ರೋಟೀನ್ ಜೊತೆಗಿರುವುದರಿಂದ ಅದು ನಿಧಾನವಾಗಿ ಜೀರ್ಣವಾಗುತ್ತದೆ, ಬೇಗ ಹಸಿವಾಗುವುದಿಲ್ಲ. ಅಲಸಂದೆಗೆ ಬಸಳೆ, ಕಡಲೆಗೆ ತೊಂಡೆಕಾಯಿ, ಹೆಸರುಕಾಳಿಗೆ ಮೆಂತ್ಯಸೊಪ್ಪು ಚೆನ್ನಾಗಿ ಹೊಂದುತ್ತವೆ. ಕಾಳು ತಿಂದು ಅಭ್ಯಾಸವಿಲ್ಲದವರಿಗೆ ಮೊದಲ ವಾರ ಗ್ಯಾಸ್ ಆಗಬಹುದು, ಸ್ವಲ್ಪದಿಂದ ಶುರು ಮಾಡಿ.

ಬಡಿಸುವಾಗ ಅರ್ಧ ತಟ್ಟೆಗೆ ತರಕಾರಿ, ಕಾಲು ಭಾಗಕ್ಕೆ ಕಾಳು, ಉಳಿದ ಕಾಲು ಭಾಗಕ್ಕಷ್ಟೇ ಅನ್ನ. ಮೊದಲು ತರಕಾರಿ ಮತ್ತು ಕಾಳನ್ನು ತಿಂದು, ಅನ್ನವನ್ನು ಕೊನೆಗೆ ಉಣ್ಣಲು ಹೇಳಿ. ಅನ್ನವನ್ನೇ ಮೊದಲು ಉಂಡರೆ ಏರುವಷ್ಟು ಶುಗರ್ ಆಗ ಏರುವುದಿಲ್ಲ. ಮತ್ತೆ, ಕಾಯಿಲೆಯವರಿಗೆಂದು ಬೇರೆ ಪಾತ್ರೆ ಇಡಬೇಡಿ. ಮನೆಮಂದಿಯೆಲ್ಲ ಒಂದೇ ಊಟ ಮಾಡಲಿ.

ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರ ಅನ್ನವನ್ನು ಒಮ್ಮೆಲೇ ಕಡಿಮೆ ಮಾಡಿದರೆ ಶುಗರ್ 70ಕ್ಕಿಂತ ಕೆಳಗಿಳಿಯಬಹುದು. ಬೆವರು, ನಡುಕ, ಗಲಿಬಿಲಿ ಅದರ ಲಕ್ಷಣ. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಔಷಧದ ಪ್ರಮಾಣ ಬದಲಿಸಬೇಕೇ ಎಂದು ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ. ಕಿಡ್ನಿ ತೊಂದರೆ ಇರುವವರು ಕಾಳು ಹೆಚ್ಚಿಸುವ ಮುನ್ನವೂ ಕೇಳಲೇಬೇಕು.

ಉಮ್ಮ ಈಗ ವಾರಕ್ಕೆರಡು ದಿನ ಮೀನು ತಿನ್ನುತ್ತಾರೆ. ಉಳಿದ ದಿನ ಕಾಳು. ಹುರುಳಿ ಗಸಿಗೆ ಖಾರ ಸಾಲದು ಎಂಬ ದೂರು ಮಾತ್ರ ಇನ್ನೂ ನಿಂತಿಲ್ಲ.