ನಕ್ಷೆ ಬಿಡಿಸೋಕಿಂತ ಮೊದಲು ಉತಾರ ಓದ್ರಿ

ಹೋದ ತಿಂಗಳು ನಮ್ಮ ಬ್ಯಾಂಕಿಗೆ ದಾಳಿಂಬದ ಕಡೆಯ ಒಬ್ಬ ಕಾಕಾ ಬಂದಿದ್ರು. ಕೈಯಾಗ ಸುರುಳಿ ಸುತ್ತಿದ ನಕ್ಷೆ, ಕಂಕುಳಾಗ ಕಾಗದದ ಚೀಲ. ಮನಿ ಸಾಲ ಬೇಕಾಗಿತ್ತು. ಪಾಯಾ ತೋಡಿ ಕಲ್ಲು ತುಂಬಿಸಿಯೂ ಆಗಿತ್ತು. ನಕ್ಷೆ ಬಿಚ್ಚಿದ್ರ ಜಾಗದ ಅಳತಿ 30 ಬೈ 40 ಅಂತ ಅದ. ಪಂಚಾಯ್ತಿ ಉತಾರದಾಗ 25 ಬೈ 44. ರಸ್ತೆ ಇರೋದು ಪಡುವಲಕ್ಕ, ನಕ್ಷೆದಾಗ ಮೂಡಲಕ್ಕ. ಯಾರದೋ ಮನಿ ನಕ್ಷೆಗೆ ಇವರ ಹೆಸರು ಹಾಕಿ ರೊಕ್ಕ ತಗೊಂಡಿದ್ರು.

"ಓದಿ ನೋಡಲಿಲ್ಲೇನ್ರಿ ಕಾಕಾ?" ಅಂದೆ. "ಮರಾಠಿ ಓದಾಕ ಬರಂಗಿಲ್ಲಪ್ಪಾ. ಸಹಿ ಮಾಡು ಅಂದ್ರು, ಮಾಡ್ದೆ." ಮನ್ಯಾಗ ಹನ್ನೆರಡನೇತ್ತ ತನಕ ಮರಾಠಿ ಶಾಲಿಯಾಗೇ ಕಲಿತ ಮಗ ಅದಾನ. ಅವನಿಗೆ ಇವರು ತೋರಿಸಿಲ್ಲ, ಅವನೂ ಕೇಳಿಲ್ಲ.

ಇವತ್ತಿನ ಈ ಬರಹ ಆ ಮಗನಿಗೆ. ಉಮರ್ಗಾ, ನಿಲಂಗಾ, ಉದಗೀರದ ಹಳ್ಳಿಗಳಾಗ ಅಂಥ ಮಕ್ಕಳು ಮನಿಗೊಬ್ಬರು ಅದಾರ.

ಮೊದಲು ಒಂದು ಗೊಂದಲ ಬಿಡಿಸ್ತೀನಿ. "ಎಂಟರ ಉತಾರ" ಅಂತ ನಾವು ಎರಡು ಬೇರೆ ಬೇರೆ ಕಾಗದಕ್ಕ ಅಂತೀವಿ. ತಲಾಠಿ ಕೊಡೋ 8-ಅ ಹೊಲದ ಖಾತೆದು, ಸಾತ್‌ಬಾರಾ ಜೊತೆಗಿನದು. ಗ್ರಾಮ ಪಂಚಾಯ್ತಿ ಕೊಡೋ ನಮುನಾ 8 ಮನಿಪಟ್ಟಿದು, ಅಂದ್ರ ತೆರಿಗೆ ಆಕಾರಣಿ ವಹಿ. ಅದರಾಗ ಹೆಸರು ಇದ್ದ ಮಾತ್ರಕ್ಕ ಜಾಗದ ಮಾಲಕಿ ಸಾಬೀತಾಗಂಗಿಲ್ಲ. ಬ್ಯಾಂಕು ಖರೀದಿ ಪತ್ರ, ವಾಟಣಿ ಪತ್ರ ಕೇಳೋದು ಅದಕ್ಕ. ನಮ್ಮ ಜನ ಮಾತ್ರ ಮನಿಪಟ್ಟಿ ಪಾವತಿ ಮೂವತ್ತು ವರ್ಷ ಜೋಪಾನ ಮಾಡಿರ್ತಾರ, ಅಣ್ತಮ್ಮರ ವಾಟಣಿ ಮಾತ್ರ ಬರೀ ಬಾಯಿಮಾತಿನಾಗ ಮುಗಿಸಿರ್ತಾರ. ಗಾವಠಾಣದಾಗಿನ ಜಾಗ ಆದ್ರ 2020ರ ಏಪ್ರಿಲ್‌ನಾಗ ಶುರುವಾದ ಸ್ವಾಮಿತ್ವ ಯೋಜನಾದ ಡ್ರೋನ್ ಮೋಜಣಿ ನಿಮ್ಮೂರಾಗ ಆಗ್ಯದೋ ಇಲ್ಲೋ, ಪ್ರಾಪರ್ಟಿ ಕಾರ್ಡ್ ಬಂದದೋ ಇಲ್ಲೋ ವಿಚಾರಿಸ್ರಿ. ಕಾರ್ಡಿನ್ಯಾಗಿನ ಅಳತಿ, ಉತಾರದ ಅಳತಿ, ಟೇಪ್ ಹಿಡಿದ ಅಳತಿ ಮೂರೂ ಒಂದ ಇದ್ರ ಪುಣ್ಯ. ಇಲ್ಲಂದ್ರ ಪಾಯಾ ತೋಡೋಕಿಂತ ಮೊದಲು ಸರಿ ಮಾಡ್ಸ್ರಿ.

ಗುಂಟೆ ಲೆಕ್ಕದಾಗ ಬಾಂಡ್ ಪೇಪರ್ ಮ್ಯಾಲ ಪ್ಲಾಟ್ ತಗೊಳ್ಳೋರಿಗೆ ಕೈ ಮುಗಿದು ಹೇಳ್ತೀನಿ, ತಡೀರಿ. ಒಂದು ಗುಂಟೆ ಅಂದ್ರ 1089 ಚದರ ಅಡಿ, ಮನಿಗೆ ಸಾಕು. ಆದ್ರ ಹೊಲ ಹಂಗ ತುಕಡಾ ಮಾಡಿ ಮಾರೋದಕ್ಕ 1947ರ ತುಕಡೇಬಂದಿ ಕಾಯ್ದೆ ಅಡ್ಡ ಬರ್ತದ. ಅದಕ್ಕ ಆಗಾಗ ತಿದ್ದುಪಡಿ, ಸಡಿಲಿಕೆ ಬಂದಾವ. ನಿಮ್ಮ ಪ್ಲಾಟಿಗೆ ಯಾವುದು ಲಾಗೂ ಅಂತ ತಹಸೀಲಿನಾಗ ಕೇಳ್ರಿ, ಮಾರೋನ ಬಾಯಾಗ ಅಲ್ಲ. ಪ್ಲಾಟು ಬಿನ್‌ಶೇತಿ ಆಗಿರದಿದ್ರ ಸಾಲ ಸಿಗೋದು ಕಷ್ಟ. ಸೋಲಾಪುರ–ಹೈದರಾಬಾದ್ ಹೈವೇ ಬಾಜೂಕ ಜಾಗ ಇದ್ದವರು ಇನ್ನೊಂದು ನೆನಪಿಡ್ರಿ. ಊರ ಹೊರಗ ರಸ್ತೆ ನಡುಗೆರಿಯಿಂದ 40 ಮೀಟರ್ ಒಳಗ ಕಟ್ಟಡ ಬರಂಗಿಲ್ಲ, 75 ಮೀಟರ್ ತನಕ ಹೈವೇದವರ ಕಟ್ಟಳೆ ಅದ.

ಪರವಾನಿಗಿ ಬರೀ ಕಾಗದದ ಕಿರಿಕಿರಿ ಅನ್ನೋರಿಗೆ ಒಂದು ಮಾತು. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕರ ಸುಮಾರು. ಕಿಲ್ಲಾರಿ, ಸಾಸ್ತೂರ ಭೂಕಂಪ. ಎಂಟು ಸಾವಿರದ ಹತ್ತಿರ ಜೀವ ಹೋದವು. ನಾನು ಆಗ ಹುಟ್ಟಿದ್ನೋ ಇಲ್ಲೋ ಅನ್ನೋ ವಯಸ್ಸು, ಆದ್ರ ನಮ್ಮವ್ವ ಈಗಲೂ ಗೋಡಿ ಬಾಜೂಕ ಮಲಗಂಗಿಲ್ಲ. ಜನ ಸತ್ತಿದ್ದು ನೆಲ ನಡುಗಿದ್ದಕ್ಕ ಅಷ್ಟೇ ಅಲ್ಲ. ಮಣ್ಣಿನ್ಯಾಗ ಕೂಡಿಸಿದ ದಪ್ಪ ಕಲ್ಲಿನ ಗೋಡಿ, ತಲಿ ಮ್ಯಾಲ ಭಾರದ ಮಣ್ಣಿನ ಮಾಳಗಿ, ಎರಡನ್ನೂ ಹಿಡಿದಿಡೋ ಪಟ್ಟಿ ಇಲ್ಲ. ಆಗಿನ ಭೂಕಂಪ ನಕ್ಷೆದಾಗ ನಮ್ಮ ಭಾಗ ಎಲ್ಲಕ್ಕಿಂತ ಕಡಿಮಿ ಅಪಾಯದ್ದು ಅಂತಿತ್ತು. 2002ರಾಗ ಕಿಲ್ಲಾರಿ ಸುತ್ತಿನ ಪ್ರದೇಶ ಮೂರನೇ ವಲಯಕ್ಕ ಬಂತು.

ಅದಕ್ಕ ಇಂಜಿನಿಯರ್ ನಕ್ಷೆ ಕೊಟ್ಟಾಗ ಖೋಲಿ ಎಷ್ಟು, ದೇವರ ಮನಿ ಎಲ್ಲಿ ಅಂತಷ್ಟೇ ನೋಡಬ್ಯಾಡ್ರಿ. ಸೆಕ್ಷನ್ ಹಾಳಿ ಕೇಳ್ರಿ, ಅಂದ್ರ ಮನಿನ ಮ್ಯಾಲಿಂದ ಪಾಯಾ ತನಕ ಸೀಳಿ ತೋರಿಸೋ ಚಿತ್ರ. ಅದರಾಗ ಪ್ಲಿಂಥ್ ಪಟ್ಟಿ, ಲಿಂಟಲ್ ಪಟ್ಟಿ ಮನಿ ಸುತ್ತ ಎಲ್ಲೂ ತುಂಡಾಗದ ಹೋಗ್ಯಾವೇನು? ಮೂಲಿಯಾಗ ನಿಂತ ಸಳಿ ಅದಾವೇನು? ಎರಿ ಮಣ್ಣಿದ್ರ ಪಾಯಾ ಗಟ್ಟಿ ಮುರುಮಿನ ತನಕ ಇಳಿದದೇನು? "ಅದೆಲ್ಲಾ ಗವಂಡಿ ನೋಡ್ಕೊಳ್ತಾನ" ಅಂದ್ರ ಬ್ಯಾರೆ ಇಂಜಿನಿಯರ್ ಹುಡುಕ್ರಿ.

ಭಾಷೆ ಮಾತು. ಪರವಾನಿಗಿ ಅರ್ಜಿ ಮರಾಠಿಯಾಗೇ ಕೊಡ್ರಿ, ಅಲ್ಲಿ ಹಟ ಹಿಡಿದ್ರ ನಮ್ಮ ಮನಿನೇ ತಡ ಆಗ್ತದ. ಆದ್ರ ಅರ್ಜಿ ಕೂಡಿಸಿಟ್ರು, ಉತ್ತರ ಕೊಡಲಿಲ್ಲ ಅಂತ ತಕರಾರು ಬರೀಬೇಕಾದಾಗ ಸಂವಿಧಾನದ 350ನೇ ವಿಧಿ ಅದ. ಅಹವಾಲು ಕನ್ನಡದಾಗ ಕೊಡೋ ಹಕ್ಕು ನಿಮಗದ. ಕೊಟ್ಟದ್ದಕ್ಕ ಪೋಚ್ ಪಾವತಿ ತಗೊಳ್ಳೋದು ಮರೀಬ್ಯಾಡ್ರಿ.

ಇವತ್ತು ರಾತ್ರಿ ಊಟ ಆದ ಮ್ಯಾಲ ಅಪ್ಪನ ಟ್ರಂಕು ತೆಗೀರಿ. ಉತಾರದ ಚತುಃಸೀಮಾ ಜೋರಾಗಿ ಓದಿ ಕನ್ನಡದಾಗ ಹೇಳ್ರಿ. ಪೂರ್ವಕ್ಕ ಯಾರ ಮನಿ, ದಕ್ಷಿಣಕ್ಕ ಯಾವ ಓಣಿ ಅಂತ. ತಪ್ಪಿದ್ರ ಅಪ್ಪನೇ ಹಿಡೀತಾನ, ಆ ಜಾಗ ಅವನಿಗೆ ಗೊತ್ತಿದ್ದಷ್ಟು ಯಾವ ಕಾಗದಕ್ಕೂ ಗೊತ್ತಿಲ್ಲ.

ಕಾಕಾನ ಫೈಲು ಇನ್ನೂ ಬಾಕಿ ಅದ. ಮೊನ್ನೆ ಮಗನ್ನ ಕರ್ಕೊಂಡು ಹೊಸ ನಕ್ಷೆ ತಂದಿದ್ರು, ಅಳತಿ ಸರಿ ಅದ. ಪಾಯಾ ಮಾತ್ರ ಎರಡು ಕಡೆ ಒಡೀಬೇಕಾಗ್ಯದ.