ಫೋಲ್ಡಿಂಗ್ ಸೈಕಲ್: ಹಗುರವಾದಷ್ಟೂ ಒಳ್ಳೆಯದಾ?

‘ಮಡಚುವ ಸೈಕಲ್ ತಗೊಂಡ್ರೆ ಮೆಟ್ರೊದಲ್ಲೇ ಇಟ್ಕೊಂಡು ಹೋಗಬಹುದಂತೆ’ ಎಂದು ಮಗಳೋ, ಯಜಮಾನರೋ ಮನೆಯಲ್ಲಿ ರಾಗ ತೆಗೆದಿದ್ದಾರಾ? ಅಥವಾ ಕೆಲಸಕ್ಕೆ ಹೋಗುವ ನಿಮಗೇ ಆ ಆಸೆ ಹುಟ್ಟಿದೆಯಾ? ಬೆಂಗಳೂರಿನಲ್ಲಿ ಈ ಮಾತು ಕೇಳಿಬರುವುದಕ್ಕೆ ಕಾರಣವೂ ಇದೆ. 2025ರ ಫೆಬ್ರವರಿ 9ರಿಂದ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಆಗಸ್ಟ್ 1ರಿಂದ ಆಟೊದ ಕನಿಷ್ಠ ದರ 30ರಿಂದ 36 ರೂಪಾಯಿ ಆಯಿತು. ಅದೇ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗವೇನೋ ಶುರುವಾಯಿತು. ಆದರೆ ಸ್ಟೇಷನ್ನಿನಿಂದ ಮನೆಗೆ, ಆಫೀಸಿಗೆ ತಲುಪುವ ಆ ಒಂದೆರಡು ಕಿಲೋಮೀಟರ್ ಇದೆಯಲ್ಲ, ಅದೇ ಎಲ್ಲರಿಗೂ ತಲೆನೋವು.

ಲೆಕ್ಕ ಹಾಕಿ ನೋಡಿ. ಒಂದು ತುದಿಯಲ್ಲಿ ಮಾತ್ರ ಆಟೊ ಹಿಡಿದರೂ ಹೋಗಿಬರಲು ದಿನಕ್ಕೆ 72 ರೂಪಾಯಿ. ತಿಂಗಳಿಗೆ 25 ದಿನ ಅಂದರೆ 1,800. ಇಪ್ಪತ್ತು ಸಾವಿರದ ಫೋಲ್ಡಿಂಗ್ ಸೈಕಲ್ ಅಂದುಕೊಳ್ಳಿ, ಒಂದು ವರ್ಷದೊಳಗೆ ಹಾಕಿದ ದುಡ್ಡು ವಾಪಸ್ ಬರುತ್ತೆ. ಎರಡೂ ತುದಿಯಲ್ಲಿ ಆಟೊ ಹಿಡಿಯುವವರಿಗೆ ಇನ್ನೂ ಬೇಗ. ಇಲ್ಲಿಯವರೆಗೆ ಸೈಕಲ್ ಜಾಣ ಆಯ್ಕೆಯೇ.

ಅಂಗಡಿಗೆ ಹೋದಾಗ ಅಥವಾ ಇಂಟರ್‌ನೆಟ್ ನೋಡಿದಾಗ ‘ಅಲ್ಟ್ರಾಲೈಟ್’ ಎಂಬ ಪದ ಕಣ್ಣಿಗೆ ಬಿದ್ದಾಗಲೇ ಪೇಚಾಟ ಶುರು. ಲಂಡನ್ನಿನ ಬ್ರಾಂಪ್ಟನ್ ಕಂಪನಿಯ ಉಕ್ಕಿನ ಸೈಕಲ್ 11-12 ಕೆ.ಜಿ. ತೂಗುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ತುಂಬಿದ ಕೊಡದಷ್ಟು ಭಾರ. ಅದೇ ಕಂಪನಿ 2022ರಲ್ಲಿ ಟೈಟಾನಿಯಂ ಬಳಸಿ ತಂದ ‘ಟಿ ಲೈನ್’ ಮಾದರಿ ಬರೀ ಏಳೂವರೆ ಕೆ.ಜಿ.! ಆದರೆ ಬೆಲೆ? ಆಗಲೇ ಅಲ್ಲಿ 3,700 ಪೌಂಡ್ ಮೀರಿತ್ತು. ನಮ್ಮ ಲೆಕ್ಕದಲ್ಲಿ ನಾಲ್ಕು ಲಕ್ಷ ರೂಪಾಯಿ. ಆಮದು ಸುಂಕ ಬೇರೆ. ತಿಂಗಳಿಗೆ 1,800 ಉಳಿಸುತ್ತಾ ಹೋದರೆ ಈ ದುಡ್ಡು ವಾಪಸಾಗಲು 18 ವರ್ಷ ಬೇಕು. ಅಷ್ಟರಲ್ಲಿ ಮಗಳ ಮದುವೆಯಾಗಿ ಮೊಮ್ಮಗು ಸೈಕಲ್ ಹೊಡೆಯುತ್ತಿರುತ್ತೆ!

ಹಾಗಾದರೆ ಹಗುರ ಅನ್ನುವುದೆಲ್ಲ ಬರೀ ಶೋಕಿಯಾ? ಹಾಗೂ ಹೇಳುವಂತಿಲ್ಲ. 55 ಕೆ.ಜಿ. ತೂಕದ ಹೆಣ್ಣುಮಗಳು 12 ಕೆ.ಜಿ. ಸೈಕಲ್ ತುಳಿದರೆ ಒಟ್ಟು 67 ಕೆ.ಜಿ. ಏಳೂವರೆ ಕೆ.ಜಿ.ಯದಾದರೆ ಅರವತ್ತೆರಡೂವರೆ. ತುಳಿಯುವಾಗ ನೂರಕ್ಕೆ ಏಳರಷ್ಟೂ ವ್ಯತ್ಯಾಸ ಇಲ್ಲ. ಆದರೆ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಭಾರ ಕಡಿಮೆಯಾಗುತ್ತೆ. ಹಗುರದ ಲಾಭ ಇರುವುದು ಹೊರುವುದರಲ್ಲಿ, ತುಳಿಯುವುದರಲ್ಲಿ ಅಲ್ಲ. ಹಾಗಾಗಿ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಎಂದು ಕೇಳಿಕೊಳ್ಳಬೇಡಿ, ಎಷ್ಟು ಮೆಟ್ಟಿಲು ಹೊರುತ್ತೀರಿ ಎಂದು ಕೇಳಿಕೊಳ್ಳಿ. ನಿಮ್ಮ ಸ್ಟೇಷನ್ನಿನಲ್ಲಿ ಲಿಫ್ಟ್ ಇದ್ದು, ಮನೆ ನೆಲಮಹಡಿಯಲ್ಲಿದ್ದರೆ ಆ ನಾಲ್ಕೂವರೆ ಕೆ.ಜಿ.ಗೆ ಲಕ್ಷಗಟ್ಟಲೆ ಸುರಿಯುವ ಅಗತ್ಯವೇ ಇಲ್ಲ. ಲಿಫ್ಟ್ ಇಲ್ಲದ ಮೂರನೇ ಮಹಡಿಯ ಮನೆ, ಸೊಂಟ ನೋವು ಬೇರೆ ಎಂದರೆ ಒಂದೆರಡು ಕೆ.ಜಿ. ಕಡಿಮೆ ಇರುವ ಅಲ್ಯೂಮಿನಿಯಂ ಸೈಕಲ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ತಪ್ಪಿಲ್ಲ.

ಹಗುರ ಮಾಡಲು ಏನೇನು ಕಳೆದಿದ್ದಾರೆ ಎಂಬುದನ್ನೂ ನೋಡಬೇಕು. ಕೆಲವದರಲ್ಲಿ ಗೇರ್ ಒಂದೇ. ಮಲ್ಲೇಶ್ವರ, ಬಸವನಗುಡಿಯ ಏರು ರಸ್ತೆಗಳಲ್ಲಿ ಉಸಿರು ಬಿಡಬೇಕಾಗುತ್ತೆ. ಮಡ್‌ಗಾರ್ಡ್, ಕ್ಯಾರಿಯರ್, ಲೈಟು ಯಾವುದನ್ನೂ ಸೇರಿಸದೆ ತೂಕ ಹೇಳುವವರೂ ಉಂಟು. ಮಳೆಗಾಲದಲ್ಲಿ ಮಡ್‌ಗಾರ್ಡ್ ಇಲ್ಲದಿದ್ದರೆ ಚೂಡಿದಾರದ ಗತಿ ಏನು? ಚಕ್ರ ಸಣ್ಣದಾದಷ್ಟೂ ಮಡಚಿದ ಗಂಟು ಸಣ್ಣದು, ನಿಜ. ಆದರೆ 16 ಇಂಚಿನ ಚಕ್ರಕ್ಕೆ ನಮ್ಮ ರಸ್ತೆ ಗುಂಡಿಗಳು ದೊಡ್ಡ ಚಕ್ರಕ್ಕಿಂತ ಜೋರಾಗಿ ತಟ್ಟುತ್ತವೆ. 20 ಇಂಚಿನದು ಎಷ್ಟೋ ವಾಸಿ. ಟೈಟಾನಿಯಂ, ಕಾರ್ಬನ್ ಫ್ರೇಮು ಬಿರುಕುಬಿಟ್ಟರೆ ಮೂಲೆ ಅಂಗಡಿಯವನು ವೆಲ್ಡಿಂಗ್ ಮಾಡಿಕೊಡುವುದಿಲ್ಲ, ನೆನಪಿರಲಿ.

ಇನ್ನು ಮೆಟ್ರೊದ ನಿಯಮ. 2022ರ ಜೂನ್‌ನಲ್ಲಿ ನಿಗಮ ಮಡಚಿದ ಸೈಕಲ್ ಒಯ್ಯಲು ಅನುಮತಿ ಕೊಟ್ಟಿತು. ಹೇಳಿದ ಷರತ್ತು ಇವು: ತೂಕ 15 ಕೆ.ಜಿ. ಒಳಗೆ, ಅಳತೆ 60x45x25 ಸೆಂಟಿಮೀಟರ್ ಒಳಗೆ, ಮೇಲೊಂದು ಕವರ್, ಸ್ಕ್ಯಾನರ್ ತಪಾಸಣೆ, ಕೊನೆಯ ಬೋಗಿಯಲ್ಲೇ ಪ್ರಯಾಣ. ಅಂದರೆ ತೂಕದ ಮಿತಿ ಸಾಕಷ್ಟು ಸಡಿಲವಾಗಿಯೇ ಇದೆ, ಬಿಗಿ ಇರುವುದು ಅಳತೆಯಲ್ಲಿ. ಚಿಕ್ಕದಾಗಿ ಮಡಚಲು ಹೆಸರಾದ ಬ್ರಾಂಪ್ಟನ್ನೇ ಮಡಚಿದಾಗ ಸುಮಾರು 58x56x27 ಇರುತ್ತೆ. 20 ಇಂಚು ಚಕ್ರದವು ಇನ್ನೂ ದೊಡ್ಡವು. ಹಾಗಾಗಿ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಮಡಚಿಸಿ, ಟೇಪು ಹಿಡಿದು ಅಳೆಯಿರಿ. ಆ ಅಳತೆ ಹೇಳಿ ನೀವು ಹತ್ತುವ ಸ್ಟೇಷನ್ನಿನಲ್ಲಿ ವಿಚಾರಿಸಿ. ಇನ್ನೊಂದು ಮಾತು: ಮಹಿಳೆಯರ ಬೋಗಿ ಮುಂದಿರುತ್ತೆ, ಸೈಕಲ್ ಇರಬೇಕಾದ್ದು ಹಿಂದೆ. ಸಂಜೆಯ ನೂಕುನುಗ್ಗಲಲ್ಲಿ ಮಗಳಿಗೆ ಇದು ಸರಿಹೋಗುತ್ತಾ ಎಂದು ಅವಳನ್ನೇ ಕೇಳಿ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯನ್ನೂ ಮರೆಯಬೇಡಿ. ಸ್ಟೇಷನ್ನಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸು ಸರಿಯಾದ ಸಮಯಕ್ಕೆ ಸಿಗುವ ಕಡೆ ಹೆಣ್ಣುಮಕ್ಕಳಿಗೆ ಆ ಖರ್ಚು ಸೊನ್ನೆ. ಸೊನ್ನೆಯ ಎದುರು ಯಾವ ಸೈಕಲ್ಲೂ ಗೆಲ್ಲದು. ಬಸ್ಸಿಲ್ಲದ ಬಡಾವಣೆಯಲ್ಲಿ ಮಾತ್ರ ಲೆಕ್ಕ ಬೇರೆ. ಒಂದು ತುದಿಯಲ್ಲಷ್ಟೇ ಸೈಕಲ್ ಬೇಕು ಎನ್ನುವವರಿಗೆ ಮನೆಯಲ್ಲಿರುವ ಹಳೇ ಸೈಕಲ್ಲನ್ನು ಸ್ಟೇಷನ್ ಪಾರ್ಕಿಂಗ್‌ನಲ್ಲಿ ಬೀಗ ಹಾಕಿ ನಿಲ್ಲಿಸುವುದೇ ಎಲ್ಲಕ್ಕಿಂತ ಅಗ್ಗ.

ಎರಡೂ ತುದಿಯಲ್ಲಿ ಬೇಕೇ ಬೇಕು ಎನ್ನುವವರು ಮಡಚುವ ಸೈಕಲ್ ಧಾರಾಳವಾಗಿ ಕೊಳ್ಳಿ. ಆದರೆ ಅದನ್ನು ಮಡಚಿ, ಎತ್ತಿ, ಅಂಗಡಿಯ ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿದು ನೋಡಿ. ನಿಮ್ಮ ಕೈ ಸಾಕು ಎನ್ನುವ ತೂಕವೇ ನಿಮಗೆ ಸರಿಯಾದ ತೂಕ. ಅದಕ್ಕಿಂತ ಹಗುರಕ್ಕೆ ಕೊಡುವ ಪ್ರತಿ ರೂಪಾಯಿಯೂ ಮನೆಯ ಬೇರೆ ಯಾವುದೋ ಖರ್ಚಿನಿಂದ ಕಿತ್ತುಕೊಂಡದ್ದೇ.