ನೀರುಗಂಟಿಯ ಕೈಗೆ ತೂಬು ಕೊಡದೆ ಎಂಥ ಯೋಜನೆ?

ಹವಾಮಾನ ಬದಲಾವಣೆ ಅಂದ ಕೂಡಲೇ ಈಗ ಎಲ್ಲ ಸಭೆಗಳಲ್ಲೂ ಒಂದು ಮಾತು ಬರುತ್ತದೆ: ಹಿರಿಯರ ತಿಳಿವಳಿಕೆಯನ್ನು ಬಳಸಿಕೊಳ್ಳಬೇಕು ಅಂತ. ಕೇಳಲು ಚೆನ್ನಾಗಿದೆ. ಯಾರ ತಿಳಿವಳಿಕೆ, ಅವರಿಗೆ ಸಂಬಳ ಎಷ್ಟು, ಅವರ ಮಾತು ಊರಲ್ಲಿ ನಡೆಯುತ್ತದೋ ಇಲ್ಲವೋ ಅಂತ ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳನ್ನು ಮುಂದಿಟ್ಟುಕೊಂಡು ನಾವು ಅದನ್ನೇ ಕೇಳುತ್ತಿದ್ದೇವೆ.

ಪಂಚಾಯಿತಿಯಲ್ಲಿ ಈಗಲೂ ನೀರುಗಂಟಿ ಇದ್ದಾರಲ್ಲ ಅಂತ ನೀವು ಹೇಳಬಹುದು. ಇದ್ದಾರೆ, ನಲ್ಲಿ ನೀರಿಗೆ. ಮೋಟಾರ್ ಹಾಕುತ್ತಾರೆ, ವಾಲ್ವ್ ತಿರುಗಿಸುತ್ತಾರೆ. ಹೆಸರು ಉಳಿಯಿತು, ಕೆರೆ ಕೈತಪ್ಪಿತು. ಹಿಂದಿನ ನೀರುಗಂಟಿಯ ಕೆಲಸ ಬೇರೆಯೇ ಇತ್ತು. ಮಳೆಗಾಲಕ್ಕೆ ಮುಂಚೆ ಕೆರೆಗೆ ನೀರು ತರುವ ಕಾಲುವೆ ಕಟ್ಟಿಕೊಂಡಿದೆಯಾ ನೋಡಬೇಕು. ಏರಿಯಲ್ಲಿ ಏಡಿ, ಇಲಿ ಬಿಲ ತೋಡಿದ್ದರೆ ಮುಚ್ಚಬೇಕು. ಜೋರು ಮಳೆಯ ರಾತ್ರಿ ಏರಿ ಮೇಲೆಯೇ ಕಾವಲು. ಬೆಳೆ ಇಟ್ಟ ಮೇಲೆ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ಅವನ ಕೈಯಲ್ಲಿ. ಗದ್ದೆಯ ಒಡೆಯ ಎಷ್ಟೇ ದೊಡ್ಡವನಾದರೂ ತಾನೇ ಹೋಗಿ ಮಡೆ ತಿರುಗಿಸಿಕೊಳ್ಳುವಂತಿರಲಿಲ್ಲ.

ನೀರು ಕಡಿಮೆಯಾದ ವರ್ಷಕ್ಕೆ ದಮಾಷಾ ಅನ್ನುವ ಪದ್ಧತಿ ಇತ್ತು. ಕೆರೆ ಅರ್ಧ ತುಂಬಿದೆ ಅಂದುಕೊಳ್ಳಿ. ಅಚ್ಚುಕಟ್ಟಿನಲ್ಲಿ ಅರ್ಧಕ್ಕೆ ಮಾತ್ರ ನಾಟಿ, ಅದೂ ತೂಬಿಗೆ ಹತ್ತಿರದ ಜಮೀನಿನಲ್ಲಿ. ಆ ಜಮೀನನ್ನು ಆ ಒಂದು ವರ್ಷಕ್ಕೆ ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕಂತೆ ಹಂಚುತ್ತಿದ್ದರು. ಬಾಲದ ಕಡೆ ಎರಡು ಎಕರೆ ಇದ್ದವನಿಗೆ ಮೇಲಿನವರ ಗದ್ದೆಯಲ್ಲಿ ಒಂದು ಎಕರೆ. ಕೆರೆಯಲ್ಲಿ ನೀರು ಎಷ್ಟಿದೆ, ಎಷ್ಟು ಗದ್ದೆಗೆ ಸಾಕು ಅನ್ನುವ ಲೆಕ್ಕ ನೀರುಗಂಟಿಗೆ ಗೊತ್ತಿತ್ತು. ಬರಕ್ಕೆ ಹೊಂದಿಕೊಳ್ಳುವುದು ಅಂತ ಈಗ ದೊಡ್ಡ ವರದಿಗಳಲ್ಲಿ ಬರೆಯುವುದನ್ನು ಊರವರು ಹೀಗೆ ಮಾಡುತ್ತಿದ್ದರು.

ಹಾಗಂತ ಆ ಕಾಲ ಚಿನ್ನದಂಥದ್ದು ಅಂತ ನಾವು ಬರೆಯುವುದಿಲ್ಲ. ನೀರುಗಂಟಿಗಳು ಬಹುತೇಕ ದಲಿತ ಕುಟುಂಬದವರು. ಊರಿನ ಗದ್ದೆಗೆಲ್ಲ ನೀರು ಹಾಯಿಸಿ, ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು ಆಯ ತೆಗೆದುಕೊಳ್ಳಬೇಕಿತ್ತು. ಅಪ್ಪನ ನಂತರ ಮಗ, ಬೇಡ ಅನ್ನುವ ಹಾಗಿಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾನೂನು ರದ್ದು ಮಾಡಿದ್ದು ಸರಿಯೇ. ತಪ್ಪಾದದ್ದು ಆಮೇಲೆ. ಜಾತಿಯ ಕಟ್ಟು ಬಿಚ್ಚಿ ಕೆಲಸವನ್ನು ಸಂಬಳದ ಹುದ್ದೆಯಾಗಿ ಉಳಿಸಿಕೊಳ್ಳಬಹುದಿತ್ತು. ನಾವು ಕೆಲಸವನ್ನೇ ಬಿಟ್ಟೆವು. ಅಷ್ಟರಲ್ಲಿ ಬೋರ್‌ವೆಲ್ ಬಂತು. ಸ್ವಂತ ಬೋರ್ ಇದ್ದವನಿಗೆ ಕೆರೆಯೂ ಬೇಡ, ದಮಾಷಾವೂ ಬೇಡ. ತಿಳಿವಳಿಕೆ ಮರೆತುಹೋಯಿತು ಅನ್ನುತ್ತಾರೆ. ಮರೆತದ್ದಲ್ಲ, ಅದರ ಮಾತು ಕೇಳುವವರು ಇಲ್ಲದಾದರು.

ಈಗ ಮಳೆಯ ರೀತಿ ನೋಡಿ. 2021ರ ನವೆಂಬರ್‌ನಲ್ಲಿ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆ ಒಡೆಯುವಷ್ಟು ಮಳೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ. ಎರಡೇ ವರ್ಷದ ಅಂತರ. ಹೂಳು ಎತ್ತಿದರೆ, ಏರಿಗೆ ಕಲ್ಲು ಕಟ್ಟಿದರೆ ಕೆರೆಗೆ ಜಾಗ ಸಿಗುತ್ತದೆ, ಸರಿ. ಕೋಡಿ ಬೀಳುವ ರಾತ್ರಿ ಏರಿ ಮೇಲೆ ಯಾರಿರುತ್ತಾರೆ? ಅರ್ಧ ಕೆರೆಯ ವರ್ಷ ಭತ್ತ ಬೇಡ, ರಾಗಿ ಹಾಕಿ ಅಂತ ಯಾರು ಹೇಳುತ್ತಾರೆ, ಹೇಳಿದರೆ ಯಾರು ಕೇಳುತ್ತಾರೆ?

ಕೋಲಾರದ ಮಟ್ಟಿಗೆ ಇನ್ನೊಂದು ವಿಷಯ ಇದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಹೆಚ್ಚಿಸುವುದಕ್ಕೆ, ನೇರವಾಗಿ ಗದ್ದೆಗಲ್ಲ. ಹಾಗಾಗಿ ತೂಬು ಎತ್ತುವ ಮಾತೇ ಇಲ್ಲ. ಮೊದಲೇ ತುಂಬಿಕೊಂಡಿರುವ ಕೆರೆಗೆ ದೊಡ್ಡ ಮಳೆ ಬಿದ್ದರೆ ಆ ನೀರಿಗೆ ಜಾಗ ಎಲ್ಲಿ? ಒಂದು ಕೆರೆಯ ಕೋಡಿ ನೀರು ಮುಂದಿನ ಊರಿನ ಕೆರೆಗೇ ಹೋಗಬೇಕು. ನಡುವಿನ ಕಾಲುವೆ ಎಲ್ಲಿ ಒತ್ತುವರಿಯಾಗಿದೆ ಅಂತ ನಕ್ಷೆ ನೋಡಿದರೆ ಅರ್ಧ ಗೊತ್ತಾಗುತ್ತದೆ, ಕಾಲುವೆ ಉದ್ದಕ್ಕೂ ನಡೆದವರಿಗೆ ಪೂರ್ತಿ ಗೊತ್ತಿರುತ್ತದೆ.

ನಾವು ಕೇಳುವುದು ದೊಡ್ಡದೇನಲ್ಲ. ನಲ್ಲಿಗೆ ನೀರುಗಂಟಿ ಇಟ್ಟು ಸಂಬಳ ಕೊಡುವ ಪಂಚಾಯಿತಿ ಕೆರೆಗೂ ಒಬ್ಬರನ್ನು ಇಡಲಿ. ಯಾವ ಜಾತಿಯವರಾದರೂ ಸರಿ, ಹೆಂಗಸರಾದರೂ ಸರಿ, ಕೆಲಸ ಬಲ್ಲವರಾಗಿರಲಿ. ಹಳೆಯ ನೀರುಗಂಟಿ ಮನೆಯ ಹಿರಿಯರು ಇದ್ದರೆ ಹೊಸಬರಿಗೆ ಕಲಿಸಲಿ, ಕಲಿಸುವುದಕ್ಕೂ ದಿನಗೂಲಿ ಕೊಡಿ. ಶಾಲು ಹೊದಿಸಿ ಫೋಟೊ ತೆಗೆದು ಕಳಿಸಬೇಡಿ. ನೀರು ಕಡಿಮೆಯಾದ ವರ್ಷ ಹೇಗೆ ಹಂಚಬೇಕು ಅನ್ನುವುದು ಗ್ರಾಮಸಭೆಯ ನಡಾವಳಿಯಲ್ಲಿ ಬರಹದಲ್ಲಿರಲಿ, ದೊಡ್ಡ ಹಿಡುವಳಿಯವರೂ ಅದಕ್ಕೆ ಸಹಿ ಹಾಕಲಿ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಹೆಚ್ಚಿರುವ ಕೆರೆ ನಮ್ಮದಲ್ಲ, ಸಣ್ಣ ನೀರಾವರಿಯವರದು ಅಂತ ಪಂಚಾಯಿತಿಯಲ್ಲಿ ಹೇಳಬಹುದು. ಕೆರೆ ಯಾರ ಪುಸ್ತಕದಲ್ಲೇ ಇರಲಿ, ಏರಿ ಒಡೆದರೆ ನೀರು ನುಗ್ಗುವುದು ಕೆಳಗಿನ ಊರಿಗೆ.

ಮುಂದಿನ ಗ್ರಾಮಸಭೆಯಲ್ಲಿ ಕೇಳಿ ನೋಡಿ: ನಮ್ಮ ಕೆರೆಯ ತೂಬು ಈಗ ಯಾರ ಜವಾಬ್ದಾರಿ? ಬಂದ ಉತ್ತರವನ್ನು ನಮಗೂ ಬರೆದು ಕಳಿಸಿ.